ಒಂದೇ ಹೂವನ್ನು ಎರಡು ಸಲ ನೋಡಿದ ಪಯಣ

ಮಾನ್ವಿಯಿಂದ ದೇವದುರ್ಗಕ್ಕೆ ಮೊದಲ ಬಸ್ಸು ಆರು ಗಂಟೆಗೆ ಎಂದಿದ್ದರು. ಏಳಕ್ಕೆ ಬಂತು. ಟಿಕೀಟು ತಲಾ ನಾಲ್ಕೂವರೆ ರೂಪಾಯಿ. ಶಕ್ತಿನಗರದಲ್ಲಿ ಕರೆಂಟು ಕಾರ್ಖಾನೆಯ ದೊಡ್ಡ ಚಿಮಣಿಗಳು ಏಳುತ್ತಿದ್ದ ವರ್ಷ ಅದು. ಚಳಿಗಾಲ. ನನ್ನ ಮೊಮ್ಮಗಳು ರೇಣುಕಾ ಕ್ಯಾಮೆರಾ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದರ ಮೂರು ಕಾಲಿನ ಸ್ಟ್ಯಾಂಡನ್ನು ಹಳೆಯ ಸೀರೆಯಲ್ಲಿ ಸುತ್ತಿ ನಾನು ಹಿಡಿದಿದ್ದೆ. ಕಂಡಕ್ಟರ್ "ಏನದ ಯವ್ವಾ, ನೇಗಿಲೇನು?" ಎಂದ. "ಹೌದಪ್ಪ, ಉಳಾಕ ಹೊಂಟೀವಿ" ಎಂದೆ.

ಹೊರಟಿದ್ದ ಕಾರಣ ಹೇಳಿಬಿಡುತ್ತೇನೆ. ರೇಣುಕಾಳ ಗಂಡ ಮಾನ್ವಿಯಲ್ಲಿ ಫೋಟೋ ತೆಗೆಯುತ್ತಿದ್ದ. ಜ್ವರ ಬಂದು ಸತ್ತು ವರ್ಷವಾಗಿತ್ತು. ಆಗ ಅವಳಿಗೆ ಇಪ್ಪತ್ತೊಂದು. ಅವಳ ಮೈದುನ ಕ್ಯಾಮೆರಾ ಮಾರಲು ನಿಂತಿದ್ದ. ಕೆಲಸ ಸಿಕ್ಕರೆ ಇಟ್ಟುಕೊಳ್ಳಲಿ, ಸಿಗದಿದ್ದರೆ ಅಮಾವಾಸ್ಯೆಯ ಮರುದಿನ ಒಯ್ಯುತ್ತೇನೆ ಎಂದಿದ್ದ. ರಾಯಚೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಮಹಬೂಬ್ ಸಾಬರು ಮದುವೆ ಆಲ್ಬಮ್ಮಿನ ರಟ್ಟಿಗೆ ಹೂವಿನ ಚಿತ್ರಗಳನ್ನು ಅವಳ ಗಂಡನಿಂದಲೇ ತೆಗೆಸುತ್ತಿದ್ದರು. "ಅವನ ಕೈ ನಿನಗ ಬಂದಿದ್ರ ಒಂದು ಚಿತ್ರ ತಗೊಂಡು ಬಾ, ಕೆಲಸ ಕೊಡ್ತೀನಿ" ಎಂದು ಹೇಳಿ ಕಳಿಸಿದ್ದರು. ಕ್ಯಾಮೆರಾದಲ್ಲಿ ಗಂಡ ಹಾಕಿದ್ದ ಫಿಲ್ಮೇ ಇತ್ತು. ಹನ್ನೆರಡರಲ್ಲಿ ಎಂಟು ಅವನು ತೆಗೆದಿದ್ದ, ನಾಲ್ಕು ಉಳಿದಿದ್ದವು. ಹೊಸದು ಕೊಳ್ಳಲು ನಮ್ಮಲ್ಲಿ ದುಡ್ಡು ಇರಲಿಲ್ಲ.

ಬಸ್ಸಿನಲ್ಲಿ ಕೇಳಿದೆ, ಹೂವಿನ ಚಿತ್ರದಲ್ಲಿ ಅಂಥದ್ದೇನಿದೆ ಎಂದು.

"ಒಂದೇ ಫಿಲ್ಮಿನ ಮ್ಯಾಲೆ ಎರಡು ಸಲ ತಗೀಬೇಕಜ್ಜಿ. ಮೊದಲು ಚೊಕ್ಕ, ಎಸಳು ಎಸಳು ಕಾಣಬೇಕು. ಆಮ್ಯಾಲೆ ಫಿಲ್ಮು ಮುಂದಕ್ಕ ಸರಿಸದಂಗ, ಲೆನ್ಸ್ ತಿರುವಿ ಮಸುಕು ಮಾಡಿ ಅದರ ಮ್ಯಾಲೇ ಇನ್ನೊಂದು. ಎರಡಕ್ಕೂ ಬೆಳಕು ಅರ್ಧರ್ಧ."

"ಚೊಕ್ಕ ತೆಗೆದ ಮ್ಯಾಲೆ ಮಸುಕ್ಯಾಕ ಬೇ? ಒಗದ ಅರಿವಿಗೆ ಮಣ್ಣು ಹಚ್ಚಿದಂಗ."

"ಬರೇ ಚೊಕ್ಕಿದ್ರ ಹೂವು ಒಣಗಿದಂಗ ಕಾಣ್ತದ. ಬರೇ ಮಸುಕಿದ್ರ ಹೂವೇ ಕಾಣಂಗಿಲ್ಲ. ಎರಡೂ ಕೂಡಿದ್ರ ಹೂವಿನ ಸುತ್ತ ಬೆಳಕು ನಿಂತಂಗ ಇರ್ತದ. ಆದ್ರ ನಡುವ ಹೂವು ಕೂದಲೆಳಿಯಷ್ಟೂ ಅಲುಗಬಾರದು."

ನನಗೆ ಅರ್ಧ ತಿಳಿಯಿತು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಷ್ಟು ಸಾಕು.

ದೇವದುರ್ಗದಿಂದ ಒಂದು ಮೈಲಿ ನಡೆದರೆ ಹನುಮವ್ವ ಎಂಬವಳ ಸೇವಂತಿಗೆ ತೋಟ. ಒಂಬತ್ತಕ್ಕೆ ಮುಟ್ಟಿದೆವು. ಗಾಳಿ ಇರಲಿಲ್ಲ, ಬಿಸಿಲು ಎಳೆಯದಿತ್ತು. ರೇಣುಕಾಳ ಮುಖ ಅರಳಿತು. ಹನುಮವ್ವ ಬೇಲಿಯ ಬಳಿ ಬಂದು ನಮ್ಮಿಬ್ಬರ ಬರಿಹಣೆ ನೋಡಿದಳು.

"ಇನ್ನಾ ಬೋಣಿಗಿ ಆಗಿಲ್ಲ ಯವ್ವಾ. ಗಂಡ ಹೂವಿನ ಬುಟ್ಟಿ ತಗೊಂಡು ಜಾಲಹಳ್ಳಿ ಸಂತಿಗೆ ಹೋಗ್ಯಾನ. ಮಾರಿ ಬರಲಿ, ಆಮ್ಯಾಲೆ ಬರ್ರಿ. ಸಿಟ್ಟಾಗಬ್ಯಾಡ್ರಿ."

"ಫೋಟೋಕ್ಕೂ ಬೋಣಿಗಿ ಏನಬೇ?" ಎಂದೆ.

"ಫೋಟೋಕ್ಕಲ್ಲ, ಗಿಡಕ್ಕ."

ನಾನೂ ಮೂವತ್ತು ವರ್ಷ ಮಾನ್ವಿ ಸಂತೆಯಲ್ಲಿ ಸೊಪ್ಪು ಮಾರಿದವಳು, ಬೋಣಿಗೆ ಎಂದರೆ ಏನೆಂದು ಗೊತ್ತು, ದಿನದ ಮೊದಲ ಮಾರಾಟಕ್ಕೆ ಮುಂಚೆ ಬರಿಹಣೆ ಎದುರಾಗಬಾರದು. ಬಯ್ಯಲಿಲ್ಲ. ಬೇವಿನ ಕೆಳಗೆ ಕುಳಿತೆವು. ಹನುಮವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ತಂದು ಬಡಿಸಿದಳು. ರೊಟ್ಟಿ ಕೊಟ್ಟಳು, ದಾರಿ ಕೊಡಲಿಲ್ಲ. ರೇಣುಕಾ ಒಂದು ತುತ್ತೂ ತಿನ್ನದೆ ಗಿಡಗಳ ಕಡೆಗೇ ನೋಡುತ್ತಿದ್ದಳು.

ಹನುಮವ್ವನ ಗಂಡ ಬಂದದ್ದು ಹನ್ನೆರಡು ದಾಟಿದ ಮೇಲೆ. ಅಷ್ಟರಲ್ಲಿ ಗಾಳಿ ಎದ್ದಿತ್ತು. ಮೊದಲ ಮೂರು ಚಿತ್ರಕ್ಕೂ ಚೊಕ್ಕದ್ದು ತೆಗೆದು ಮಸುಕಿನದಕ್ಕೆ ಕೈ ಹಾಕುವಾಗ ಹೂವು ತೂಗಾಡಿತು. ಕೊನೆಯದಕ್ಕೆ ನನ್ನ ಸೆರಗು ಹರಡಿ ಗಾಳಿಗೆ ಅಡ್ಡ ಹಿಡಿದೆ. ಹೂವು ಗಪ್ಪನೆ ನಿಂತಿತು. ರೇಣುಕಾ ಚೊಕ್ಕದ್ದು ತೆಗೆದಳು. ಲೆನ್ಸ್ ತಿರುವಲು ಬಗ್ಗಿದಳು. ಬಿಸಿಲಿಗೆ ಎಸಳು ಬಾಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಬಾಡುವ ಸೊಪ್ಪಿಗೆ ನೀರು ಹೊಡೆದು ಹೊಡೆದು ರೂಢಿಯಾದ ಕೈ. ಸೆರಗಿನಿಂದ ಬಿಡಿಸಿ, ಬಳಿಯಲ್ಲಿದ್ದ ತಂಬಿಗೆಯ ನೀರಲ್ಲಿ ಅದ್ದಿ ಚಿಮುಕಿಸಿಯೇ ಬಿಟ್ಟೆ. ಹೂವು ನೀರಿನ ಭಾರಕ್ಕೆ ಕತ್ತು ಬಗ್ಗಿಸಿತು. ಅದೇ ಗಳಿಗೆಯಲ್ಲಿ ಅವಳು ಎರಡನೆಯ ಸಲ ಒತ್ತಿದಳು.

ತಲೆ ಎತ್ತಿ ನನ್ನ ಒದ್ದೆ ಕೈ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಸ್ಟ್ಯಾಂಡು ಮಡಚಿದಳು.

ರಾಯಚೂರು ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು. ನಮಗೆ ಕೂರಲು ಚಕ್ರದ ಮೇಲಿನ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಹತ್ತಿ ಬಿಡಿಸುವವರು ಹೊಲದಲ್ಲಿ ಬೆನ್ನು ಬಗ್ಗಿಸಿದ್ದರು. ಸಂಜೆ ಇಳಿದು ಛತ್ರದಲ್ಲಿ ಒಬ್ಬೊಬ್ಬರಿಗೆ ಒಂದು ರೂಪಾಯಿಯಂತೆ ಕೊಟ್ಟು ಮಲಗಿದೆವು.

ಮರುದಿನ ಬೆಳಿಗ್ಗೆ ಮಹಬೂಬ್ ಸಾಬರು ಫಿಲ್ಮು ತೊಳೆದು, ಒಣಗಿಸಿ, ಕಾಗದಕ್ಕೆ ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲ ಎಂಟು ಸತ್ತವನವು. ಒಂದು ದಾಸವಾಳ, ಎರಡು ಗುಲಾಬಿ, ಉಳಿದವು ಸೇವಂತಿಗೆ. ಎಸಳಿನ ಗೆರೆ ಎಣಿಸಬಹುದಿತ್ತು, ಅದರ ಸುತ್ತ ಇಬ್ಬನಿಯಂಥ ಬೆಳಕಿತ್ತು. ಚೊಕ್ಕದರ ಮೇಲೆ ಮಸುಕು ಯಾಕೆ ಬೇಕೆಂದು ಆಗ ನನಗೆ ತಿಳಿಯಿತು. ಆಮೇಲಿನ ನಾಲ್ಕು ಇವಳವು. ಮೂರು ಗಾಳಿಗೆ ಕದಡಿದ್ದವು. ನಾಲ್ಕನೆಯದರಲ್ಲಿ ಒಂದು ದೇಟಿಗೆ ಎರಡು ತಲೆ, ಒಂದು ನಿಂತದ್ದು, ಒಂದು ಬಗ್ಗಿದ್ದು.

ರೇಣುಕಾ ಗಂಡನ ಎಂಟನ್ನೇ ನೋಡುತ್ತಿದ್ದಳು. ಸಾಬರು ಕನ್ನಡಕ ತೆಗೆದರು.

"ಬೇಟಿ, ಬ್ಯಾಸರ ಮಾಡ್ಕೋಬ್ಯಾಡ. ಇದು ಎಲ್ಲಾರಿಗೂ ಬರೂ ಕೆಲಸ ಅಲ್ಲ."

"ಅಕಿದಲ್ಲ ತಪ್ಪು," ನಾನು ಎದ್ದು ನಿಂತೆ. "ನೀರು ಹೊಡದಾಕಿ ನಾನು. ನಡುವ ಕೈ ಹಾಕಿ ಕೆಡಿಸಿದಾಕಿ ನಾನು."

"ಇರಬಹುದವ್ವಾ. ಚಿತ್ರ ಯಾರ ತಪ್ಪಂತ ಹೇಳಂಗಿಲ್ಲಲ್ಲ."

"ಹಂಗಾದ್ರ ನಿಮ್ಮ ಮುಂದ ತಗೀಲಿ. ಒಂದೇ ಒಂದು."

ಸಾಬರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ತಟ್ಟ್ಯಾಗ ಇಟ್ಟ ಹೂವು ಯಾರರೆ ತಗೀತಾರ. ಮದುವಿ ಕೆಲಸದಾಗ ಬೇಕಾಗೋದು ತುರುಬಿನ್ಯಾಗಿನ ಹೂವು. ಉಸುರು ಬಿಗಿ ಹಿಡಿದು ಕೂಡೋ ಹೆಣ್ಣುಮಗಳು ಈಗ ಎಲ್ಲಿ ಸಿಗಬೇಕು?"

"ನಾ ಗಂಡಸೇನು?"

ಸಾಬರು ನಕ್ಕರು. "ಅರೇ ಅಮ್ಮಾ, ಬಿಳೀ ತುರುಬು ನೋಡಿ ಯಾರು ಆಲ್ಬಮ್ ತಗೋತಾರ?"

"ನೀವು ಆಲ್ಬಮ್ ಮಾರಾಕ ಹತ್ತೀರೋ, ಹುಡುಗಿ ಕೈ ನೋಡಾಕ ಹತ್ತೀರೋ?"

ಹೊರಗೆ ಹೋಗಿ ಹೂವಿನವಳಿಂದ ಒಂದು ಬಿಳಿ ಸೇವಂತಿಗೆ ಕೇಳಿದೆ. ಅವಳು ನನ್ನ ಹಣೆ ನೋಡಿ "ದೇವರಿಗೇನವ್ವಾ?" ಎಂದಳು. "ತಲಿಗೆ" ಎಂದೆ. ಅವಳ ಬಾಯಿ ತೆರೆದೇ ಇತ್ತು.

ಸ್ಟೂಲಿನ ಮೇಲೆ ಬೆನ್ನು ಮಾಡಿ ಕುಳಿತೆ. ರೇಣುಕಾ ಹೂವು ಹಿಡಿದು ಹಿಂದೆ ನಿಂತಳು. ಕೈ ಮುಂದೆ ಬರಲಿಲ್ಲ.

"ಅಜ್ಜಿ, ನೀ... ಅಜ್ಜ ಹೋದ ಮ್ಯಾಲೆ..."

"ಇಪ್ಪತ್ತೆಂಟು ವರ್ಷಾತು. ಅಂವ ಎದ್ದು ಬಂದು ಕೇಳಂಗಿಲ್ಲ. ಚುಚ್ಚು."

ಚುಚ್ಚಿದಳು. ಸಾಬರು ಅವಳ ಕ್ಯಾಮೆರಾಕ್ಕೆ ತಮ್ಮದೊಂದು ಫಿಲ್ಮು ಹಾಕಿಕೊಟ್ಟು ದೀಪ ಹಚ್ಚಿದರು, ಕಿವಿ ಬಿಸಿಯಾಯಿತು. ಒಂದು ಸಲ ಟಕ್ ಎಂದಿತು. ಲೆನ್ಸ್ ತಿರುಗುವ ಸಣ್ಣ ಸದ್ದು ಕೇಳಿತು. ಕತ್ತು ನೋಯುತ್ತಿತ್ತು, ಮೂಗಿನ ಮೇಲೆ ನೊಣ ಕೂತಿತ್ತು. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕುಳಿತಿದ್ದೆ. ಎರಡನೆಯ ಸಲ ಟಕ್ ಎಂದಿತು. ಆಗ ಉಸಿರು ಬಿಟ್ಟೆ.

ಎರಡು ತಾಸು ಕಾದ ಮೇಲೆ ಸಾಬರು ಚಿತ್ರ ತಂದು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಒರಟು ಕೂದಲು ಮೋಡದಂತೆ ಹಬ್ಬಿತ್ತು. ಅದರೊಳಗೆ ಹೂವು, ಒಂದೊಂದು ಎಸಳೂ ಬೇರೆ ಬೇರೆ. ಅವರು ಬಹಳ ಹೊತ್ತು ನೋಡಿದರು. ಸತ್ತವನ ಎಂಟರ ಪಕ್ಕದಲ್ಲಿಟ್ಟು ಮತ್ತೆ ನೋಡಿದರು.

"ನಾಳಿ ಒಂದು ಮದುವಿ ಅದ," ಎಂದರು ರೇಣುಕಾಳಿಗೆ. "ಇಲ್ಲೇ ಉಳೀತೀ? ನಮ್ಮ ಅಕ್ಕನ ಮನಿ ಹಿಂದೇ ಅದ."

ರೇಣುಕಾ ನನ್ನ ಮುಖ ನೋಡಿದಳು. "ನನ್ನೇನು ನೋಡ್ತಿ? ಕೇಳಿದ್ದು ನಿನ್ನ" ಎಂದೆ. "ಉಳೀತೀನ್ರಿ" ಎಂದಳು.

ಮಾನ್ವಿ ಬಸ್ಸು ನಾಲ್ಕಕ್ಕೆ. ಅಕ್ಕನ ಮನೆ ನೋಡಿ, ಒಳಗಿನಿಂದ ಚಿಲಕ ಗಟ್ಟಿ ಇದೆಯೋ ಇಲ್ಲವೋ ನೋಡಿ, ಬಸ್ ನಿಲ್ದಾಣಕ್ಕೆ ಬಂದೆ. ರೇಣುಕಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಕಿಟಕಿಯ ಪಕ್ಕ ಕುಳಿತೆ. ಸುತ್ತಲಿನ ಹೆಂಗಸರು ನನ್ನನ್ನು ನೋಡಿ ಪಿಸುಗುಟ್ಟುತ್ತಿದ್ದರು.

"ಅಜ್ಜಿ, ಹೂವು ತಲ್ಯಾಗೇ ಅದ."

"ತಗದುಬಿಡು. ಊರಾಗ ಸುಮ್ನ ನೂರು ಮಾತು."

ಕಿಟಕಿಯೊಳಗೆ ಕೈ ಹಾಕಿ ಮೆಲ್ಲಗೆ ತೆಗೆದಳು. ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅದನ್ನು ಎಸೆದಿರಲಿಲ್ಲ, ಮುಡಿದಿರಲೂ ಇಲ್ಲ. ಅಂಗೈಯಲ್ಲಿಟ್ಟುಕೊಂಡು ಜನರ ನಡುವೆ ನಿಂತಿದ್ದಳು. ಆಮೇಲೆ ಏನು ಮಾಡಿದಳೋ ನನಗೆ ಗೊತ್ತಿಲ್ಲ. ಇವತ್ತಿನವರೆಗೂ ನಾನು ಕೇಳಿಲ್ಲ.