ಚೆನ್ನಾಗಿದ್ದೀನಿ ಅಂತ ಬರೆದ ಪುಸ್ತಕ

ನನಗೆ ಸಾಕಾಗಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದು ಎರಡು ವರ್ಷ. ಇಂಜೆಕ್ಷನ್ನು, ಮಾತ್ರೆ, ಕಿಮೋ ಎಲ್ಲಾ ಮುಗಿದಿದ್ವು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತಾರಲ್ಲ, ಅದೇ ಸ್ಥಿತಿ. ಆಗ ಬೆಂಗಳೂರಿನ ಡಾಕ್ಟರಮ್ಮ, ಎರಡು ಹೊಸ ಔಷಧಿ ಒಟ್ಟಿಗೆ ಕೊಟ್ಟು ಪರೀಕ್ಷೆ ಮಾಡ್ತಿದ್ದೀವಿ, ಸೇರ್ತೀರಾ ಅಂದ್ರು. ಮೈಯೊಳಗಿನ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋದಂತೆ. ಅದು ಒಮ್ಮೊಮ್ಮೆ ನಮ್ಮ ಕರುಳಿನ ಮೇಲೇ ತಿರುಗಿ ಬೀಳುತ್ತೆ, ಭೇದಿ ಶುರುವಾದ್ರೆ ತಕ್ಷಣ ಹೇಳ್ಬೇಕು, ದಿನಾ ಬರೀಬೇಕು ಅಂತ ಒಂದು ಪುಸ್ತಕ ಕೊಟ್ರು.

ನಾನು ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆದವನು. ಹರಾಜಿಗೆ ಬೇಲು, ಅಂದ್ರೆ ಸೊಪ್ಪಿನ ಮೂಟೆ, ಕಟ್ಟೋವಾಗ ಒಳ್ಳೆ ಎಲೆ ಮೇಲೆ, ಮಚ್ಚೆ ಬಿದ್ದಿದ್ದು ಕಾಣದ ಹಾಗೆ ನಡುವೆ. ಹರಾಜಿನಲ್ಲಿ ಬೇಲು ವಾಪಸ್ ಬಂದ್ರೆ ಆಗೋ ಅವಮಾನ ಬೆಳೆದವನಿಗೇ ಗೊತ್ತು. ಮೂರನೇ ಸಲ ಔಷಧಿ ಹಾಕಿಸ್ಕೊಂಡ ಮೇಲೆ ದಿನಕ್ಕೆ ಏಳೆಂಟು ಸಲ ಓಡೋ ಹಾಗಾಯ್ತು. ಬರೆದ್ರೆ ನನ್ನನ್ನೂ ವಾಪಸ್ ಕಳಿಸ್ತಾರೆ ಅಂತ ಹೆದರಿ, ಪುಸ್ತಕದ ತುಂಬಾ 'ಚೆನ್ನಾಗಿದ್ದೀನಿ' ಅಂತ ಬರೆದೆ. ಎಂಥ ದಡ್ಡತನ!

ಮುಂದಿನ ಸಲ ಹೆಂಡತಿ ಜೊತೆ ಬಸ್ಸಲ್ಲಿ ಬೆಂಗಳೂರಿಗೆ ಹೋಗೋವಾಗ ಹೊಳೆನರಸೀಪುರ ದಾಟೋವರೆಗೆ ಹೇಗೋ ತಡ್ಕೊಂಡೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಲ್ಲಿ ಇಳಿದು ಓಡಿದವನು ಮೇಲೇಳಕ್ಕಾಗದೆ ಕೂತ್ಬಿಟ್ಟೆ. ಪಂಚೆಯಲ್ಲಿ ರಕ್ತ ನೋಡಿ ಹೆಂಡತಿ ಅಲ್ಲೇ ಬೈದ್ಲು. "ಡಾಕ್ಟ್ರತ್ರಾನೂ ಬೇಲ್ ಕಟ್ತೀಯಲ್ಲಾ, ನಿಂಗೆ ಬುದ್ಧಿ ಯಾವಾಗ ಬತ್ತದೆ?" ಬೈತಾ ಬೈತಾ ಅತ್ತೂಬಿಟ್ಲು.

ಆಸ್ಪತ್ರೆಯಲ್ಲಿ ಅವಳೇ ಎಲ್ಲಾ ಹೇಳಿದ್ಲು. ಔಷಧಿ ನಿಲ್ಲಿಸಿ, ನನ್ನನ್ನ ಮಲಗಿಸಿ ಸ್ಟೀರಾಯ್ಡ್ ಹಾಕಿದ್ರು. ಉಳಿದಿದ್ದ ಒಂದು ಬಾಗಿಲನ್ನೂ ಮುಚ್ಚಿಸಿದ್ಲು ಅಂತ ನನಗೆ ಕೆಟ್ಟ ಸಿಟ್ಟು. ಎರಡು ದಿನ ಅವಳ ಜೊತೆ ಮಾತಾಡ್ಲಿಲ್ಲ. ಡಾಕ್ಟರಮ್ಮ ಗದರಲಿಲ್ಲ. "ನಿಮ್ಮ ಪುಸ್ತಕ ನಂಬಿ, ನಿಮ್ಮ ಹಿಂದೆ ಸೇರಿದವರಿಗೂ ಇಷ್ಟೇ ಡೋಸು ಹಾಕಿದ್ದೀವಿ" ಅಂದ್ರು, ಅಷ್ಟೇ. ಆಮೇಲೆ ನನಗೆ ಊಟ ಸೇರ್ಲಿಲ್ಲ.

ಮನೆಗೆ ಕಳಿಸೋ ದಿನ, ಬೆಂಚಿನ ಮೇಲೆ ಅರಕಲಗೂಡಿನ ಕಡೆಯವನೊಬ್ಬ ಪಕ್ಕ ಬಂದು ಕೂತ. ಅವನಿಗೂ ಅದೇ ಔಷಧಿ, ಎರಡು ಸಲ ಆಗಿದೆಯಂತೆ. "ಎಂಗೈತಣ್ಣ ನಿಂಗೆ?" ಅಂದ. ನಾಚಿಕೆ ಬಿಟ್ಟು ಎಲ್ಲಾ ಹೇಳಿದೆ, ರಕ್ತದ್ದೂ ಸೇರಿಸಿ. ಅವನು ಹತ್ರ ಸರಿದು ದನಿ ತಗ್ಗಿಸಿ ಹೇಳಿದ.

"ನಂಗೂ ನಾಕು ದಿನದಿಂದ ಅಂಗೇ ಕಣಣ್ಣ. ಬರ್ದಿಲ್ಲ. ಯೋಳುದ್ರೆ ನನ್ನೂ ತೆಗದಾಕ್ಬುಡ್ತಾರಲ್ಲ?"

"ತೆಗದಾಕ್ತಾರೋ ಏನೋ ಕಣಪ್ಪ" ಅಂದೆ. ಇನ್ನೊಂದು ಸುಳ್ಳು ಹೇಳೋ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅವನ ತೋಳು ಹಿಡ್ಕೊಂಡು ಎದ್ದೆ. ಇಬ್ಬರೂ ಮೆಲ್ಲಗೆ ನರ್ಸ್ ಹತ್ರ ನಡೆದ್ವಿ.