ಕಡ್ಡಿಪೆಟ್ಟಿಗೆಯ ಗೂಡು ಕಾಯುವ ಶಿವಕಾಂತಮ್ಮ

ಬೆಳಗಿನ ಐದೂವರೆ. ಸೇಡಂ ಹೊರವಲಯದ ಸಿಮೆಂಟ್ ಕಾರ್ಖಾನೆಯೊಂದರ ಎರಡನೇ ಗೇಟಿನಲ್ಲಿ ನಿಂತಿದ್ದೇನೆ. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಕಾವಲುಗಾರ್ತಿ ಶಿವಕಾಂತಮ್ಮ ನನ್ನ ಚೀಲಕ್ಕೆ ಕೈ ಹಾಕಿ, ಮನೆಯವರಿಗೂ ಗೊತ್ತಿಲ್ಲದ ವಸ್ತುವೊಂದನ್ನು ಹೊರಗೆ ತೆಗೆಯುತ್ತಾರೆ. ಕಡ್ಡಿಪೆಟ್ಟಿಗೆ! ಸಿಗರೇಟು ಬಿಟ್ಟು ವರ್ಷವಾಯಿತೆಂದು ಹೇಳಿಕೊಂಡು ಓಡಾಡುವ ನನಗೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಆಕೆ ಬೈಯುವುದಿಲ್ಲ, ನಗುವುದೂ ಇಲ್ಲ. ಅದನ್ನೂ ನನ್ನ ಮೊಬೈಲನ್ನೂ ಬೆನ್ನ ಹಿಂದಿನ ಕಟ್ಟಿಗೆಯ ಗೂಡಿನಲ್ಲಿಟ್ಟು, ನಂಬರಿನ ಹಿತ್ತಾಳೆ ಬಿಲ್ಲೆಯೊಂದನ್ನು ನನ್ನ ಕೈಗೆ ಕೊಡುತ್ತಾರೆ. "ಹೋಗೋ ಮುಂದ ಒಯ್ರಿ ಸರ್. ರಿಜಿಸ್ಟರಿಗೆ ಸಹಿ ಆಮ್ಯಾಲ ಮಾಡೀರಂತ, ಮಂದಿ ಬರೋ ಹೊತ್ತಾಗ್ಯದ." ಮಾತು ರೆಕಾರ್ಡ್ ಮಾಡಿಕೊಳ್ಳುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಈ ಬರಹ ಪೂರ್ತಿ ಪೆನ್ನಿನದು.

ಆರಕ್ಕೆ ಪಾಳಿ ಬದಲು. ಮುನ್ನೂರ ನಲವತ್ತು ಗಂಡಸರು, ಅರವತ್ತೆರಡು ಹೆಂಗಸರು ಅರ್ಧ ಗಂಟೆಯಲ್ಲಿ ಈ ಗೇಟು ದಾಟಬೇಕು. ಗಂಡಸರ ಸಾಲಿಗೆ ಇಬ್ಬರು ಕಾವಲುಗಾರರಿದ್ದಾರೆ, ಹೆಂಗಸರ ಸಾಲಿಗೆ ಶಿವಕಾಂತಮ್ಮ ಒಬ್ಬರೇ. ಒಳಗೆ ಕಲ್ಲಿದ್ದಲಿನ ಶೆಡ್ ಇದೆ. ಹಿಟ್ಟಿನಂತೆ ಅರೆದ ಕಲ್ಲಿದ್ದಲಿನ ಪುಡಿ ಗಾಳಿಯಲ್ಲಿದ್ದಾಗ ಒಂದು ಕಿಡಿ ಸಾಕು, ಆಮೇಲೆ ಹೇಳುವುದಕ್ಕೆ ಯಾರೂ ಉಳಿಯಲಿಕ್ಕಿಲ್ಲ. ಹಾಗಾಗಿ ಬೆಂಕಿ ಹುಟ್ಟಿಸುವ ಯಾವ ವಸ್ತುವೂ ಒಳಗೆ ಹೋಗಕೂಡದು.

ಶಿವಕಾಂತಮ್ಮನವರಿಗೆ ನಲವತ್ತಾರು ವರ್ಷ, ಊರು ಕುರಕುಂಟಾ. ಪತಿ ಗುರುಲಿಂಗಯ್ಯ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದರು. ಚಪ್ಪಡಿ ಜಾರಿ ಸೊಂಟದ ಮೇಲೆ ಬಿದ್ದಂದಿನಿಂದ ಮನೆಯಲ್ಲಿದ್ದಾರೆ. ಇಬ್ಬರ ರೊಟ್ಟಿ, ಅವರ ಔಷಧ ಎಲ್ಲವೂ ಈ ಖಾಕಿ ಅಂಗಿಯ ಮೇಲೆಯೇ ನಡೆಯಬೇಕು. ಒಂಬತ್ತು ವರ್ಷದಿಂದ ನಡೆದಿದೆ.

ಮೊದಲ ಏಳು ವರ್ಷ ಈ ಗೇಟು ಬೇರೆ ಥರ ಇತ್ತಂತೆ. ಆಗಿನ ಮೇಲ್ವಿಚಾರಕನಿಗೆ ಗದರುವುದೇ ಕೆಲಸ. ಕಡ್ಡಿಪೆಟ್ಟಿಗೆ ಸಿಕ್ಕವರು ಅದನ್ನು ಕೈಯಲ್ಲಿ ಎತ್ತಿ ಹಿಡಿದು ಎಲ್ಲರ ಎದುರು ನಿಲ್ಲಬೇಕಿತ್ತು. ಹೆಂಗಸರ ಸೊಂಟದ ಚಂಚಿಯನ್ನು, ಎಲೆಅಡಿಕೆಯ ಆ ಬಟ್ಟೆಚೀಲವನ್ನು, ಸಾಲಿನಲ್ಲೇ ಬಿಚ್ಚಿಸಿ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯ ಮಿಸರಿ ಡಬ್ಬಿಯನ್ನೂ ಚರಂಡಿಗೆ ಎಸೆಯುತ್ತಿದ್ದ. ಸಾಹೇಬರ ಕಾರುಗಳು ಮಾತ್ರ ಗಾಜು ಕೂಡ ಇಳಿಸದೆ ಒಳಗೆ ಹೋಗುತ್ತಿದ್ದವು. ಮಂದಿಯೂ ಕಲಿತರು. ಕಡ್ಡಿಪೆಟ್ಟಿಗೆ ರೊಟ್ಟಿಯ ಗಂಟಿನೊಳಗೆ ಹೋಯಿತು, ರುಮಾಲಿನ ಸುತ್ತಿನೊಳಗೆ ಹೋಯಿತು, ಕಂಪೌಂಡಿನ ಮೇಲಿಂದಲೂ ಹಾರಿತು. ಸಿಕ್ಕಿಬಿದ್ದವರ ಹೆಸರು ಬರೆಯುವ ರಿಜಿಸ್ಟರಿನಲ್ಲಿ ತಿಂಗಳುಗಟ್ಟಲೆ ಒಂದು ಹೆಸರೂ ಇಲ್ಲ. ಮೇಲಿನವರಿಗೆ ಭಾರೀ ಖುಷಿ.

ಒಂದು ದಿನ ಕಲ್ಲಿದ್ದಲಿನ ಶೆಡ್ಡಿನ ಗೋಡೆಗುಂಟ ಇನ್ನೂ ಬಿಸಿಯಿದ್ದ ಬೀಡಿ ತುಂಡು ಸಿಕ್ಕಿತು. ಯಾರದೆಂದು ಯಾರೂ ಬಾಯಿ ಬಿಡಲಿಲ್ಲ. ಹೊಸದಾಗಿ ಬಂದಿದ್ದ ಭದ್ರತಾ ಅಧಿಕಾರಿ ಶಾಂತಕುಮಾರ ಗೇಟಿನವರನ್ನು ಕೂರಿಸಿಕೊಂಡು, ಏನು ಮಾಡೋಣವೆಂದು ಕೇಳಿದರು. ಅಷ್ಟು ವರ್ಷದಲ್ಲಿ ಗೇಟಿನವರನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಶಿವಕಾಂತಮ್ಮ ಎದ್ದು ನಿಂತರು. "ಒಂದು ಗೂಡು ಮಾಡಿಸಿಕೊಡ್ರಿ, ಹೆಣ್ಮಕ್ಕಳ ಸಾಲಿಗೆ ಒಂದು ಪರದಾ ಹಾಕ್ರಿ. ಸಿಕ್ಕಿದ್ದು ಇಟ್ಕೊಂಡು, ಹೆಸರು ಬರಕೊಂಡು, ಹೋಗೋ ಮುಂದ ವಾಪಸ್ ಕೊಡೋಣ. ಮತ್ತ ಮೊದಲ ನಿಮ್ಮ ಗಾಡಿ ಡಿಕ್ಕಿ ತಗದು ತೋರಸ್ರಿ."

ಮರುದಿನ ಬೆಳಿಗ್ಗೆ ಶಾಂತಕುಮಾರ ಕಾರಿನಿಂದ ಇಳಿದು, ಇಡೀ ಸಾಲು ನೋಡುವಂತೆ ಡಿಕ್ಕಿ ತೆರೆದರು. ಮೊದಲ ವಾರದಲ್ಲೇ ರಿಜಿಸ್ಟರಿನಲ್ಲಿ ನೂರ ಮೂವತ್ತೊಂದು ಹೆಸರು. ಭದ್ರತೆ ಕೆಟ್ಟುಹೋಯಿತೆಂದು ಮೇಲಿನಿಂದ ಪತ್ರ ಬಂತು. ಕೆಟ್ಟಿದ್ದು ಈಗ ಕಾಣುತ್ತಿದೆಯಷ್ಟೇ ಎಂದು ಶಾಂತಕುಮಾರ ಉತ್ತರ ಬರೆದರು. ಈಗ ದಿನಕ್ಕೆ ಆರೋ ಏಳೋ ಹೆಸರು, ಅದೂ ಹೆಚ್ಚಿನವರು ತಾವಾಗಿ ತೆಗೆದುಕೊಟ್ಟದ್ದು. ಮಿಸರಿ ಡಬ್ಬಿಗಳಿಗೂ ಗೂಡಿನಲ್ಲಿ ಜಾಗವಿದೆ.

ಇಷ್ಟೇ ಆಗಿದ್ದರೆ ನಾನು ಬರುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಒಂದು ಎಡವಟ್ಟಾಯಿತು. ಗೇಟಿನ ಕೋಣೆಯಲ್ಲಿ ಈ ಭಾಗದವರ ಆರಾಧ್ಯ ಶರಣಬಸಪ್ಪನ ಫೋಟೋ ಇದೆ. ದಿನಾ ಊದಿನಕಡ್ಡಿ ಹಚ್ಚಿ ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿಡುವುದು ಶಿವಕಾಂತಮ್ಮನವರ ರೂಢಿ. ಅವತ್ತು ಶೆಡ್ಡಿನ ಕಾವಲುಗಾರ ಬಂದಿಲ್ಲವೆಂದು ಕರೆ ಬಂತು. ಅವಸರದಲ್ಲಿ ಪೆಟ್ಟಿಗೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಕಲ್ಲಿದ್ದಲಿನ ನಡುವೆ ಎರಡು ಗಂಟೆ ತಿರುಗಾಡಿ ವಾಪಸು ಬಂದು ಕುರ್ಚಿಯಲ್ಲಿ ಕೂತಾಗ ಎದೆಯ ಹತ್ತಿರ ಗರಗರ ಸಪ್ಪಳವಾಯಿತು.

ನೋಡಿದವರು ಯಾರೂ ಇರಲಿಲ್ಲ. ಕಾರ್ಮಿಕರಿಗೆ ಮೂರು ಸಲ ವಿನಾಯಿತಿ ಉಂಟು, ಕಾವಲಿನವರಿಗೆ ಒಂದೇ ತಪ್ಪಿಗೆ ಕೆಲಸ ಹೋಗಬಹುದು. ಗುರುಲಿಂಗಯ್ಯನವರ ಸೊಂಟ ನೆನಪಾಯಿತಂತೆ, ಅಳುವೂ ಬಂತಂತೆ. ಆದರೂ ರಿಜಿಸ್ಟರ್ ಎಳೆದುಕೊಂಡು ತಮ್ಮ ಹೆಸರು ಬರೆದರು. ಯಾಕೆ ಎಂದೆ.

"ಬರೀಲಿಲ್ಲಂದ್ರ ನಾಳಿ ಮುಂಜಾನಿ ಯಾವ ಮಾರಿ ಇಟ್ಕೊಂಡು ಆ ಹೆಣ್ಮಕ್ಕಳ ಚೀಲಕ್ಕ ಕೈ ಹಾಕ್ಲಿರಿ?"

ಶಾಂತಕುಮಾರ ಆಕೆಯನ್ನು ತೆಗೆಯಲಿಲ್ಲ. ಆದರೆ ಈ ತಿಂಗಳ ಕೊನೆಗೆ ಕಾವಲಿನ ಗುತ್ತಿಗೆ ಹೊಸ ಏಜೆನ್ಸಿಗೆ ಹೋಗುತ್ತಿದೆ. ಯಾವ ತಪ್ಪೂ ದಾಖಲಾಗದವರನ್ನಷ್ಟೇ ಇಟ್ಟುಕೊಳ್ಳುತ್ತೇವೆ ಎಂಬುದು ಅವರ ಷರತ್ತು. ಕಳೆದ ವಾರ ಏಜೆನ್ಸಿಯವನೊಬ್ಬ ಬಂದು, ಮರುಕದಿಂದಲೇ, ಆ ಒಂದು ಹಾಳೆ ಹರಿದುಬಿಟ್ಟರೆ ಕೆಲಸ ಉಳಿಯುತ್ತದೆ ಎಂದು ಸಲಹೆ ಕೊಟ್ಟ. ಶಿವಕಾಂತಮ್ಮ ಒಪ್ಪಲಿಲ್ಲ. ಹರಿದುಬಿಡಿ ಎನ್ನುವ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮಾತನ್ನು ನುಂಗುವಂತೆ ಮಾಡಿದವರು ಪ್ಯಾಕಿಂಗ್ ವಿಭಾಗದಲ್ಲಿ ಕಸ ಗುಡಿಸುವ ಜೈತುನ್‌ಬೀ. ಶಿವಕಾಂತಮ್ಮನವರ ಹೆಸರು ರಿಜಿಸ್ಟರಿಗೆ ಬಿದ್ದ ಮುಂದಿನ ವಾರ, ಮನೆಯ ಒಲೆಗೆಂದು ಕೊಂಡ ಕಡ್ಡಿಪೆಟ್ಟಿಗೆ ಚಂಚಿಯಲ್ಲೇ ಉಳಿದದ್ದು ಆಕೆಗೆ ಒಳಗೆ ಹೋದ ಮೇಲೆ ಗೊತ್ತಾಯಿತು. ಮೊದಲಾಗಿದ್ದರೆ ಯಾವುದಾದರೂ ಮೂಲೆಗೆ ಎಸೆದು ಸುಮ್ಮನಾಗುತ್ತಿದ್ದರಂತೆ. ಅವತ್ತು ಅರ್ಧ ಕಿಲೋಮೀಟರ್ ವಾಪಸು ನಡೆದುಬಂದು ಗೇಟಿನಲ್ಲಿ ಕೊಟ್ಟರು. "ಅಕ್ಕಾಂದೇ ಹೆಸರು ಅದರಾಗ ಅದ ಅಂದಮ್ಯಾಲ ನಂದೇನು ದೊಡ್ಡದ್ರಿ?" ಎನ್ನುತ್ತಾರೆ.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಹೆಂಗಸರು ಬಿಲ್ಲೆ ಕೊಟ್ಟು ತಮ್ಮ ತಮ್ಮ ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಏನು ಆಸೆ ಎಂದು ಕೇಳಿದರೆ ಶಿವಕಾಂತಮ್ಮ ಗೂಡಿನ ಧೂಳು ಒರೆಸುತ್ತಲೇ ಹೇಳುತ್ತಾರೆ. "ಕೆಲಸ ಬೇಕ್ರಿ, ಯಾಕ ಬ್ಯಾಡ? ಆದ್ರ ನನ್ನ ತೆಗದ್ರೂ ಈ ಗೂಡು ತೆಗೀಬಾರ್ದು ನೋಡ್ರಿ."

ನಾನು ಬಿಲ್ಲೆ ಕೊಡುತ್ತೇನೆ. ಮೊಬೈಲು, ಕಡ್ಡಿಪೆಟ್ಟಿಗೆ ಎರಡೂ ಕೈಗೆ ಬರುತ್ತವೆ, ಜೊತೆಗೆ ರಿಜಿಸ್ಟರೂ ಬರುತ್ತದೆ. ನನ್ನ ಹೆಸರು, ಊರು, ಸಿಕ್ಕ ವಸ್ತು ಎಲ್ಲ ದುಂಡಗಿನ ಅಕ್ಷರದಲ್ಲಿದೆ. ಪೆನ್ನು ಹಿಡಿದು ಹಿಂದೆ ಮುಂದೆ ನೋಡುತ್ತಿದ್ದೇನೆ. ಶಿವಕಾಂತಮ್ಮ ಹಾಳೆಗಳನ್ನು ಹಿಂದಕ್ಕೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

"ಸಹಿ ಮಾಡ್ರಿ ಸರ್. ನಾಚ್ಕೋಬ್ಯಾಡ್ರಿ, ನಿಮ್ಮಕಿಂತ ಮೊದಲ ನನ್ನ ಹೆಸರದ."