ಚಾಚಾನ ಕಿವಿ, ನನ್ನ ಬಾಯಿ

ನಮ್ಮ ವರ್ಕ್‌ಶಾಪಿನಲ್ಲಿ ನಾನು ಯಾರನ್ನೂ ಬಿಟ್ಟಿಲ್ಲ. ಬೈಯುವ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಮಾಲೀಕರು, ಬೆಂಕಿ ಕಿಡಿಗೆ ಹೆದರದೆ ಹೆಂಡತಿಯ ಫೋನಿಗೆ ಬೆವರುವ ವೆಲ್ಡಿಂಗಿನವ, ರಜೆ ಕೇಳಲು ಹೋಗಿ ಭಾನುವಾರದ ಕೆಲಸವನ್ನೂ ಒಪ್ಪಿಕೊಂಡು ಬರುವ ನಾನು, ಎಲ್ಲರನ್ನೂ ಚಹಾದ ಹೊತ್ತಿಗೆ ಅಣಕ ಮಾಡಿ ತೋರಿಸುತ್ತೇನೆ. ಹಗರಿಬೊಮ್ಮನಹಳ್ಳಿಗೆ ಟ್ರ್ಯಾಕ್ಟರ್ ರಿಪೇರಿಗೆಂದು ಬಂದವರು ಪುಕ್ಕಟೆ ನಾಟಕವನ್ನೂ ನೋಡಿಕೊಂಡು ಹೋಗುತ್ತಾರೆ.

ಆದರೆ ಕೂಡ್ಲಿಗಿಯಿಂದ, ಹಡಗಲಿಯಿಂದ ಜನ ಬರುತ್ತಿದ್ದದ್ದು ನನ್ನ ನಾಟಕಕ್ಕಲ್ಲ, ಚಾಚಾನ ಕಿವಿಗೆ. ಚಾಚಾ ನಮ್ಮ ದೊಡ್ಡ ಮೇಸ್ತ್ರಿ. ಎಂಜಿನ್ ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಎರಡನೇದು" ಅಂತ ಒಂದೇ ಮಾತು. ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನಲ್ಲೇ ದೋಷ. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಕೇಳಸ್ತೈತಲ್ಲೋ. ನಿನಗ ಕಿವಿ ಇಲ್ಲೇನು?" ಎನ್ನುತ್ತಿದ್ದರು. ಅಲ್ಲಿಗೆ ಪಾಠ ಮುಗಿಯಿತು.

ಮಾಲೀಕರು ಮೊಬೈಲಿನಲ್ಲಿ ಯಾವುದೋ ಭಾಷಣ ಕೇಳಿದ ಮರುದಿನ ನಮ್ಮನ್ನೆಲ್ಲ ನಿಲ್ಲಿಸಿ, ಕೆಮ್ಮಿ, "ಇನ್ ಮ್ಯಾಲೆ ಯಾರು ತಮ್ಮ ಕೆಲಸ ಇನ್ನೊಬ್ರಿಗೆ ಕಲಸ್ತಾರ, ಅವರಿಗೆ ಒಂದು ಶರ್ಟ್ ಪೀಸು" ಎಂದರು. ಗಿಳಿಹಸಿರು ಬಟ್ಟೆಯ ಪೊಟ್ಟಣ ಆಫೀಸಿನ ಕಪಾಟಿನ ಮೇಲೆ ಬಂದು ಕೂತಿತು. ವೆಲ್ಡಿಂಗಿನವ ನನಗೆ ಚಹಾ ಕುದಿಸುವುದು ಕಲಿಸಿ ಆ ಬಟ್ಟೆ ಕೇಳಲು ಹೋದ, ಬೈಸಿಕೊಂಡು ಬಂದ. ಚಾಚಾ ಅತ್ತ ತಿರುಗಿಯೂ ನೋಡಲಿಲ್ಲ. "ನನ್ನ ಕಿವಿ ಎಲ್ಲಾರಿಗೂ ಹಂಚಿದ ಮ್ಯಾಲೆ ನನ್ನ ಯಾರು ಕರೀತಾರ? ಆ ಅಂಗಿ ನೋಡಿ ಕರೀತಾರೇನು?" ಎಂದರು. ಅಂಗಿಯ ಬಣ್ಣ ನೋಡಿದರೆ ಅವರ ಮಾತು ನನಗೂ ಸರಿ ಅನ್ನಿಸಿತು.

ಒಂದು ದಿನ ಚಹಾದ ಹೊತ್ತಿಗೆ ಚಾಚಾನನ್ನೇ ಮಾಡಿ ತೋರಿಸಿದೆ. ಕಿವಿಗೆ ಸ್ಕ್ರೂಡ್ರೈವರ್, ಮುಚ್ಚಿದ ಕಣ್ಣು, ಜೊತೆಗೆ ಬಾಯಲ್ಲೇ ಕೆಟ್ಟ ಎಂಜಿನ್ನಿನ ಬಡಿತ. ಎಲ್ಲರೂ ನಕ್ಕರು. ಚಾಚಾ ಬೈಯಬಹುದೆಂದು ಕಾದೆ. ಅವರು ಗ್ಲಾಸು ಕೆಳಗಿಟ್ಟು ಕೇಳಿದರು: "ಅದು ಯಾವ ಬಡಿತ?"

"ಯಾವದರ ಒಂದು, ಚಾಚಾ."

"ಯಾವದರ ಒಂದು ಅಂತ ಎಂಜಿನ್ ಬಡಿಯಂಗಿಲ್ಲಲೇ. ಬೇರಿಂಗ್ ಹೋಗಿದ್ರ ಸಪ್ಪಳ ಹೊಟ್ಟ್ಯಾಗಿಂದ ಬರ್ತೈತಿ. ನೀ ಮೂಗಿನ್ಯಾಗ ಮಾಡಾಕತ್ತಿ."

ಸರಿಯಾಗುವವರೆಗೂ ಬಿಡಲಿಲ್ಲ. ತನ್ನನ್ನು ಅಣಕಿಸಿದ್ದು ಅವರಿಗೆ ಏನೂ ಅಲ್ಲ. ಎಂಜಿನ್ನನ್ನು ತಪ್ಪಾಗಿ ಅಣಕಿಸಿದ್ದು ಸಹಿಸಲಾಗಲಿಲ್ಲ. ಆಮೇಲೆ ನಾನು ಬೇಕೆಂದೇ ತಪ್ಪು ಮಾಡತೊಡಗಿದೆ. ಪ್ರಶ್ನೆ ಕೇಳಿದರೆ ಬಾಯಿ ಬಿಡದ ಮನುಷ್ಯ ತಪ್ಪು ಸಪ್ಪಳ ಕೇಳಿದರೆ ಎದ್ದು ಬರುತ್ತಿದ್ದರು.

ಹಂಪಸಾಗರದ ರೈತರೊಬ್ಬರು ಟ್ರ್ಯಾಕ್ಟರ್ ತಂದದ್ದು ಭತ್ತದ ನಾಟಿಯ ಕಾಲದಲ್ಲಿ. "ಎರಡು ಕಡೆ ತೋರಿಸ್ದೆ, ಹೊಸ ಡೀಸೆಲ್ ನಾಝಲ್ ಹಾಕಿಸ್ದೆ, ಹಂಗಾ ಬಡೀತೈತ್ರಿ ಮೇಸ್ತ್ರಿ. ಗದ್ದ್ಯಾಗ ನೀರು ನಿಂತೈತಿ. ನಿಮ್ಮ ಕಿವಿ ನಂಬಿ ಬಂದೀನಿ" ಎಂದರು. ಮಾಲೀಕರೂ ಬಂದು ನಿಂತರು.

ಚಾಚಾ ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚಿದರು. ಜಾಗ ಬದಲಿಸಿದರು, ಕಿವಿ ಬದಲಿಸಿದರು. ಪಕ್ಕದಲ್ಲಿ ನಿಂತ ನನಗೆ ಬರಿಗಿವಿಯಲ್ಲೇ ಬಡಿತ ಕೇಳುತ್ತಿತ್ತು. ಕಣ್ಣು ತೆರೆದಾಗ ಅವರ ಮುಖದಲ್ಲಿ ನಾನು ಎಂದೂ ನೋಡದ ಗಾಬರಿ ಇತ್ತು. ಅವರಿಗೆ ಕೇಳಿಸುತ್ತಿರಲಿಲ್ಲ. ಆ ಕಿವಿ ಹೋದರೆ ಚಾಚಾ ನಮ್ಮಂತೆ ಸ್ಪ್ಯಾನರ್ ಹಿಡಿಯುವ ಇನ್ನೊಬ್ಬರು, ಅಷ್ಟೇ.

ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು, "ಹೆಂಗೈತಿ ಮಾಡಿ ತೋರ್ಸು" ಎಂದರು. ಉಳಿದವರು ಇದು ನನಗಿಟ್ಟ ಪರೀಕ್ಷೆ ಎಂದುಕೊಂಡು ನಗಲು ತಯಾರಾದರು. ನಾನು ಎಂಜಿನ್ನಿಗೆ ಕಿವಿಗೊಟ್ಟು, ಅವರ ಕಿವಿಯ ಹತ್ತಿರ ಬಾಯಿಟ್ಟು ಅದೇ ಬಡಿತ ಮಾಡಿದೆ. ಅವರು ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ನೋಡಲು ಅದರ ಡೀಸೆಲ್ ಪೈಪ್ ಸಡಿಲಿಸುತ್ತ "ಈಗ?" ಎಂದು ಕೇಳಿದರು. ಮೊದಲನೆಯದಕ್ಕೆ, ಎರಡನೆಯದಕ್ಕೆ ಬಡಿತ ಹಾಗೇ ಇತ್ತು, ಹಾಗೇ ಮಾಡಿದೆ. ಮೂರನೆಯದಕ್ಕೆ ಅದು ಮೆತ್ತಗಾಯಿತು, ನಾನೂ ಮೆತ್ತಗಾದೆ.

"ಹೊಟ್ಟ್ಯಾಗೋ, ಮೂಗಿನ್ಯಾಗೋ?"

"ಹೊಟ್ಟ್ಯಾಗ, ಚಾಚಾ."

"ಮೂರನೇದು. ತಳದ ಬೇರಿಂಗ್. ಬಿಚ್ರಿ."

ಬಿಚ್ಚಿದರೆ ಮೂರನೆಯ ಬೇರಿಂಗ್ ಸವೆದು ಒಳಪದರದ ತಾಮ್ರ ಕಾಣುತ್ತಿತ್ತು. ಹಂಪಸಾಗರದ ಆ ರೈತರು ಚಾಚಾನ ಕೈ ಹಿಡಿದುಕೊಂಡರು.

ಮರುದಿನ ಚಹಾ ಬಂದಾಗ ವೆಲ್ಡಿಂಗಿನವ, "ಲೇ, ನಿನ್ನಿನ ಚಾಚಾನ್ನ ಮಾಡಿ ತೋರ್ಸು" ಎಂದ. ನನ್ನಲ್ಲಿ ಹೊಸ ಸರಕು ಇತ್ತು: ಕಿವಿ ಬದಲಿಸಿ ಬದಲಿಸಿ ಕೇಳುವ ಚಾಚಾ. ಅದಕ್ಕಿಂತ ದೊಡ್ಡ ನಗು ನಾನು ಎಂದೂ ಗಳಿಸುತ್ತಿರಲಿಲ್ಲ. ಚಾಚಾ ಗ್ಲಾಸಿನೊಳಗೇ ನೋಡುತ್ತಿದ್ದರು. ನಾನು ಎದ್ದು ಕೆಮ್ಮಿ ಮಾಲೀಕರನ್ನು ಮಾಡಿದೆ. ಹಳೇ ಸರಕು, ನಗುವೂ ಹಳೇದೇ.

ಚಹಾ ಮುಗಿದ ಮೇಲೆ ಚಾಚಾ ನನ್ನನ್ನು ಕರೆದು ಒಂದು ಎಂಜಿನ್ ಮುಂದೆ ಕೂರಿಸಿದರು. ಯಾವ ಸಪ್ಪಳ ಎಲ್ಲಿಂದ ಬರುತ್ತದೆ, ಎಂಜಿನ್ ಕಾದ ಮೇಲೆ ಯಾವುದು ಅಡಗುತ್ತದೆ, ಹೊರೆ ಬಿದ್ದಾಗ ಯಾವುದು ಏಳುತ್ತದೆ ಎಂದು ಕೇಳದೆಯೇ ಹೇಳತೊಡಗಿದರು. "ಏನು ಚಾಚಾ, ಅಂಗಿ ಮ್ಯಾಲೆ ಮನಸಾತೇನು?" ಎಂದೆ.

"ಬಾಯಿ ಮುಚ್ಚಿ ಕೇಳು. ನೀ ಸಪ್ಪಳ ತಪ್ಪು ಮಾಡಿದ್ರ ನನ್ನ ಮಾತು ತಪ್ಪಾಕೈತಿ."

ನನ್ನ ಜೀವನದಲ್ಲಿ ನನ್ನ ಬಾಯಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಅವರೊಬ್ಬರೇ.

ಕೆಲವು ತಿಂಗಳ ನಂತರ ಮಾಗಳದ ಗಿರಾಕಿಯೊಬ್ಬರ ಎದುರಿಗೆ, ಎಲ್ಲರೂ ಕೇಳುವಂತೆ ಚಾಚಾ ತಾವೇ ಹೇಳಿಬಿಟ್ಟರು: "ನನಗ ಈಗ ಸಣ್ಣ ಸಪ್ಪಳ ಕೇಳಸಂಗಿಲ್ರಿ. ಇವ ಕೇಳಿ ಹೇಳ್ತಾನ, ನಾ ತಿಳದು ಹೇಳ್ತೀನಿ." ಗಿರಾಕಿ ತಿರುಗಿ ಹೋಗುತ್ತಾರೆಂದುಕೊಂಡೆ. ಗಿರಾಕಿ ನಮ್ಮಿಬ್ಬರನ್ನೂ ನೋಡಿ, "ಹಂಗಾರ ಇಬ್ರೂ ಬರ್ರಿ, ಟ್ರ್ಯಾಕ್ಟರ್ ಹೊರಗೈತಿ" ಎಂದರು. ಅಷ್ಟೇ ಆದದ್ದು.

ಮಾಲೀಕರು ಕಪಾಟಿನಿಂದ ಪೊಟ್ಟಣ ಇಳಿಸಿ, ಧೂಳು ಕೊಡವಿ ಚಾಚಾನಿಗೆ ಕೊಡಲು ಬಂದರು. "ಅವನಿಗೆ ಕೊಡ್ರಿ. ದಿನಾ ನನಗ ಹೇಳಿಕೊಡಾಕತ್ತಾನ" ಎಂದರು ಚಾಚಾ.

ಆ ಗಿಳಿಹಸಿರು ಅಂಗಿ ಹೊಲಿಸಿ ಹಾಕಿಕೊಂಡು ಹೋದ ದಿನ ಚಹಾದ ಹೊತ್ತಿಗೆ ವೆಲ್ಡಿಂಗಿನವ ನನ್ನನ್ನೇ ಮಾಡಿ ತೋರಿಸಿದ. ಕಿವಿಗೆ ವೆಲ್ಡಿಂಗ್ ರಾಡು, ಕಣ್ಣು ಮುಚ್ಚಿ, ಗಿಳಿಯ ಹಾಗೆ ಕತ್ತು ಕೊಂಕಿಸಿ, ಬಾಯಲ್ಲಿ ಏನೋ ಟಕಟಕ. ಎಲ್ಲರೂ ಬಿದ್ದು ನಕ್ಕರು, ಚಾಚಾ ಕೂಡ. ಅಂಗಿಗೆ ನಗಲಿ, ಕತ್ತಿಗೆ ನಗಲಿ. ಆದರೆ ಆ ಸಪ್ಪಳ ಮಾತ್ರ ನನಗೆ ತಡೆಯಲಾಗಲಿಲ್ಲ. ಗ್ಲಾಸು ಕೆಳಗಿಟ್ಟು ಎದ್ದೆ.

"ಹಂಗಲ್ಲಲೇ," ಎಂದೆ, "ಇಲ್ಲಿ ಬಾ, ಕುಂದ್ರು."